ಪಾರ್ಲಿಮೆಂಟಿನ ಅಧಿಕಾರ ಮತ್ತು ಅದರ ಎಲ್ಲೆ

ಗಡಿನಾಡಿನಲ್ಲಿ ಪಾಠ ಹೇಳುವ ನಮಗೆ ಪಾರ್ಲಿಮೆಂಟಿನ ಅಧಿಕಾರವೆಂಬುದು ಪೌರನೀತಿಯ ಪುಸ್ತಕದ ಒಂದು ಅಧ್ಯಾಯ ಮಾತ್ರವಲ್ಲ. ನಮ್ಮ ಊರು ಯಾವ ರಾಜ್ಯಕ್ಕೆ ಸೇರಬೇಕು, ನಮ್ಮ ಶಾಲೆ ಯಾವ ಸರಕಾರದ ಆಡಳಿತಕ್ಕೆ ಒಳಪಡಬೇಕು ಎಂಬುದನ್ನು ನಿಶ್ಚಯಿಸಿದ್ದು ಆ ಅಧಿಕಾರವೇ. ಅದು ಎಲ್ಲಿಯವರೆಗೆ ಹೋಗಬಲ್ಲದು, ಎಲ್ಲಿ ನಿಲ್ಲಬೇಕು ಎಂಬುದನ್ನು ಚರಿತ್ರೆಯ ಆಧಾರದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಪಾರ್ಲಿಮೆಂಟನ್ನು ಕಟ್ಟಿಹಾಕುವ ಒಂದೇ ಲಿಖಿತ ಸಂವಿಧಾನವಿಲ್ಲ. ನಮ್ಮಲ್ಲಿ ಹಾಗಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವೇ ಪಾರ್ಲಿಮೆಂಟಿಗೆ ತಾಯಿ. ಮಗುವಿನ ಶಕ್ತಿ ತಾಯಿ ಕೊಟ್ಟಷ್ಟೇ.

ಕೊಟ್ಟ ಶಕ್ತಿಯೂ ಅಲ್ಪವಲ್ಲ. 3ನೆಯ ವಿಧಿಯಂತೆ ಪಾರ್ಲಿಮೆಂಟು ಹೊಸ ರಾಜ್ಯವನ್ನು ರಚಿಸಬಹುದು, ಇರುವ ರಾಜ್ಯದ ಗಡಿಯನ್ನೂ ಹೆಸರನ್ನೂ ಬದಲಿಸಬಹುದು. ಇದಕ್ಕೆ ಸಾಮಾನ್ಯ ಬಹುಮತ ಸಾಕು. ರಾಷ್ಟ್ರಪತಿಗಳು ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯವನ್ನು ಕೇಳಬೇಕು. ಆದರೆ ಆ ಸಭೆ ಒಪ್ಪಲೇಬೇಕೆಂದಿಲ್ಲ. ಈ ಬಲದಿಂದಲೇ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಾಯಿತು. ಆ ವರ್ಷದ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆಯೋಗಗಳು ಹೇಳುವುದು ಸಲಹೆ ಮಾತ್ರ. ಫಜಲ್ ಅಲಿ ಆಯೋಗವು ಕಾಸರಗೋಡನ್ನು ಕೇರಳಕ್ಕೆ ಕೊಡಲು ಹೇಳಿತು, ಹಾಗೆಯೇ ಆಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಲೂ ಅದೇ ಆಯೋಗ ಹೇಳಿತ್ತು, ಅದು ನಡೆಯಲಿಲ್ಲ. ಚಂದ್ರಗಿರಿ ನದಿಯ ಉತ್ತರಭಾಗವು ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು; ಅದು ಇಂದಿಗೂ ಕಾಯಿದೆಯಾಗಿಲ್ಲ.

ಈ ವಿಶಾಲ ಅಧಿಕಾರಕ್ಕೂ ಬೇಲಿಯುಂಟು. ಬೇರುಬಾರಿ ಪ್ರದೇಶದ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಬಿಟ್ಟುಕೊಡುವ ಪ್ರಶ್ನೆ ಬಂದಾಗ, ದೇಶದ ನೆಲವನ್ನು ಪರರಾಷ್ಟ್ರಕ್ಕೆ ಕೊಡಲು 3ನೆಯ ವಿಧಿ ಸಾಲದು, ಸಂವಿಧಾನವನ್ನೇ ತಿದ್ದಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1960ರಲ್ಲಿ ಅಭಿಪ್ರಾಯಕೊಟ್ಟಿತು. ಹಾಗಾದರೆ ತಿದ್ದುವ ಅಧಿಕಾರಕ್ಕೆ ಎಲ್ಲೆ ಯಾವುದು?

ಈ ಪ್ರಶ್ನೆಗೆ ಉತ್ತರ ದೊರೆತುದು ಕಾಸರಗೋಡಿನ ನೆಲದಿಂದ ಹೋದ ಅರ್ಜಿಯಿಂದ ಎಂಬುದು ನಮಗೆ ಅಭಿಮಾನದ ಸಂಗತಿ. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹದಿಮೂರು ಮಂದಿ ನ್ಯಾಯಾಧೀಶರು ಕುಳಿತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು ಮಂದಿಯ ಬಹುಮತದಿಂದ ತೀರ್ಪು ಬಂತು: ಪಾರ್ಲಿಮೆಂಟು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಕೂಡದು. ಕೇರಳದ ಕಾನೂನುಗಳಿಗೆ ರಕ್ಷಣೆ ಕೊಟ್ಟ 29ನೆಯ ತಿದ್ದುಪಡಿ ಉಳಿಯಿತು. ಮಠ ಕೇಳಿದ್ದು ತನ್ನ ಭೂಮಿಯನ್ನು; ದೊರೆತುದು ದೇಶಕ್ಕೆಲ್ಲ ಒಂದು ತತ್ತ್ವ.

ತಿದ್ದುಪಡಿಗೆ ಯಾವ ಮಿತಿಯೂ ಇಲ್ಲವೆಂದು 1976ರ 42ನೆಯ ತಿದ್ದುಪಡಿ ಸಾರಿತು. ಬೆಂಗಳೂರಿನ ಮಿನರ್ವ ಮಿಲ್ಲಿನ ಮೊಕದ್ದಮೆಯಲ್ಲಿ 1980ರಲ್ಲಿ ಆ ಮಾತೂ ಬಿದ್ದುಹೋಯಿತು. ಮಿತವಾದ ಅಧಿಕಾರವನ್ನು ಪಡೆದವನು ಅದೇ ಅಧಿಕಾರದಿಂದ ತನ್ನ ಮಿತಿಯನ್ನು ಅಳಿಸಿಕೊಳ್ಳಲಾರನೆಂಬುದು ಅದರ ತಿರುಳು.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದರಿಂದ ಏನು ಫಲ? ಸಾಮಾನ್ಯ ಬಹುಮತದಿಂದ ಗಡಿ ಸರಿಯಬಹುದು. ಆದರೆ ಸ್ವಂತ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ 29ನೆಯ ವಿಧಿಯ ಹಕ್ಕಾಗಲಿ, ಶಾಲೆಗಳನ್ನು ಸ್ಥಾಪಿಸಿ ನಡೆಸುವ 30ನೆಯ ವಿಧಿಯ ಹಕ್ಕಾಗಲಿ ಸಾಮಾನ್ಯ ಕಾನೂನಿಗೆ ಸಿಲುಕದು. ಗಡಿ ಎಳೆದ 1956ರಲ್ಲೇ, 7ನೆಯ ತಿದ್ದುಪಡಿಯಿಂದ, 350ಎ ವಿಧಿಯೂ ಸೇರಿತು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದರ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುವುದೆಂಬುದನ್ನು ಹೈಸ್ಕೂಲಿನವರಾದ ನಾವು ಮರೆಯುವಂತಿಲ್ಲ.

ಸಂವಿಧಾನವು ಹಕ್ಕನ್ನು ಬರೆದಿಟ್ಟೀತು. ಮಕ್ಕಳನ್ನು ಕನ್ನಡ ತರಗತಿಗೆ ಕರೆತಂದು ಕೂರಿಸಲಾರದು. ಆ ಕೆಲಸ ತಂದೆತಾಯಿಗಳದು, ನಮ್ಮದು. ಆದುದರಿಂದ 3ನೆಯ ವಿಧಿಯನ್ನು ಕಲಿಸುವ ಉಪಾಧ್ಯಾಯ ಮಿತ್ರರು ಅದೇ ದಿನ 29, 30 ಮತ್ತು 350ಎ ವಿಧಿಗಳನ್ನೂ ಮಕ್ಕಳಿಂದ ಓದಿಸಲಿ. ಎಡನೀರಿನ ಅರ್ಜಿಯ ಕಥೆಯನ್ನೂ ಹೇಳಲಿ.