ಗಾಳದ ರೀಲು ಮತ್ತು ರಾಂಪೋಣಿನ ಹಗ್ಗ

ಸಂಜೆಯ ಹೊತ್ತು ಪಣಜಿಯಲ್ಲಿ ಮಾಂಡೋವಿಯ ದಂಡೆಗೆ ಹೋದವರು ಗಾಳ ಹಾಕಿ ಮೌನವಾಗಿ ನಿಂತವರನ್ನು ಕಾಣದೆ ಮರಳುವುದಿಲ್ಲ. ಬಿದಿರಿನ ಕೋಲು, ಒಂದಿಷ್ಟು ದಾರ, ಒಂದು ಕೊಕ್ಕೆ, ಇಷ್ಟರಿಂದಲೇ ತೃಪ್ತಿಪಡುತ್ತಿದ್ದ ಹವ್ಯಾಸಿಯ ಕೈಗೆ ಈಗ ರೀಲು ಜೋಡಿಸಿದ ಕೋಲು ಬಂದಿದೆ. ಕೆಲವು ದಿನಗಳ ಕೆಳಗೆ ವಿದ್ಯಾರ್ಥಿಯೊಬ್ಬನು ನಮ್ಮನ್ನು ಹೀಗೆ ಕೇಳಿದನು: “ಸರ್, ನಮ್ಮಣ್ಣ ಹೊಸ ರೀಲು ತಂದಿದ್ದಾನೆ. ಅದರೊಳಗಿನ ಬೇರಿಂಗು, ವಾಷರು, ಹಿಡಿಕೆ ಎಲ್ಲ ಬಿಚ್ಚಿ ಬೇರೆ ಹಾಕಿಸುತ್ತೇನೆ ಅನ್ನುತ್ತಾನೆ. ಮಾಡಿದವನಿಗಿಂತ ನೀನು ಜಾಣನೇನೋ, ಇದ್ದ ಹಾಗೇ ಇರಲಿ ಅನ್ನುತ್ತಾರೆ ಅಪ್ಪ. ಯಾರದು ಸರಿ?”

ಪ್ರಶ್ನೆ ಚಿಕ್ಕದು. ನಗುತ್ತ ಉತ್ತರಿಸಿ ಮುಂದೆ ಸಾಗಬಹುದಾಗಿತ್ತು. ಆದರೆ ಇದೇ ಪ್ರಶ್ನೆಯನ್ನು ಗೋವೆಯ ಮೀನುಗಾರರೂ ನಮ್ಮ ಕಾರವಾರ, ಕುಂದಾಪುರ, ಮಂಗಳೂರುಗಳ ಮೀನುಗಾರರೂ ಅರ್ಧ ಶತಮಾನದ ಹಿಂದೆ ಹೊಟ್ಟೆಪಾಡಿನ ಪ್ರಶ್ನೆಯಾಗಿ ಎದುರಿಸಿದರೆಂಬುದು ನೆನಪಿಗೆ ಬಂದಾಗ ನಗು ಅಲ್ಲಿಗೇ ನಿಂತಿತು. ಕೈಯಲ್ಲಿರುವ ಸಲಕರಣೆಯನ್ನು ಇದ್ದಂತೆ ಇಟ್ಟುಕೊಳ್ಳಬೇಕೆ, ತಿದ್ದಿಕೊಳ್ಳಬೇಕೆ, ಅಥವಾ ಎಸೆದು ಹೊಸದನ್ನು ತರಬೇಕೆ? ಈ ಕರಾವಳಿ ಆ ಪ್ರಶ್ನೆಗೆ ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದು ನಮ್ಮ ಇಂದಿನ ಉದ್ದೇಶ.

ಮೊದಲು ರೀಲಿನ ಮಾತನ್ನೇ ಎತ್ತಿಕೊಳ್ಳೋಣ. ಗಾಳದ ದಾರವನ್ನು ಸುತ್ತುವ ರಾಟೆಯ ಅತಿ ಹಳೆಯ ಚಿತ್ರಗಳಲ್ಲೊಂದು ಚೀನ ದೇಶದ ಮಾ ಯುವಾನ್ ಎಂಬ ಕಲಾವಿದನು ಸುಮಾರು 1195ರಲ್ಲಿ ಬರೆದದ್ದು. ಚಳಿಗಾಲದ ಸರೋವರದ ನಡುವೆ ಪುಟ್ಟ ದೋಣಿಯಲ್ಲಿ ಒಬ್ಬಂಟಿಗನಾಗಿ ಕುಳಿತ ಬೆಸ್ತನ ಕೋಲಿಗೆ ಚಿಕ್ಕದೊಂದು ರಾಟೆಯಿದೆ. ಬಹುಕಾಲದ ಮೇಲೆ, 19ನೆಯ ಶತಮಾನದ ಆದಿಭಾಗದಲ್ಲಿ, ಅಮೆರಿಕದ ಕೆಂಟಕಿ ಪ್ರಾಂತದ ಜಾರ್ಜ್ ಸ್ನೈಡರ್ ಎಂಬಾತನು ಹಿಡಿಕೆ ಒಂದು ಸುತ್ತು ತಿರುಗಿದರೆ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಗಾಲಿಗಳನ್ನು ಅಳವಡಿಸಿದನು. ಅವನ ವೃತ್ತಿ ಗಡಿಯಾರ ರಿಪೇರಿ. ಗಾಳ ಹಾಕುವುದು ಅವನ ಗೀಳು. 1905ರಲ್ಲಿ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಎಂಬಾತನು ಉರುಳೆ ತಿರುಗದೆ ದಾರವಷ್ಟೇ ಅದರ ತುದಿಯಿಂದ ಜಾರಿ ಹೊರಡುವ ರೀಲಿಗೆ ಪೇಟೆಂಟ್ ಪಡೆದನು. ಆತ ಉಣ್ಣೆಯ ಗಿರಣಿಗಳ ಮನೆತನದವನು. ಕದಿರಿನಿಂದ ನೂಲು ಜಾರುವ ಬಗೆಯನ್ನು ಕಂಡವನು. ಈ ಇಬ್ಬರೂ ರೀಲು ಮಾರುವ ಅಂಗಡಿಕಾರರಾಗಿರಲಿಲ್ಲ. ತಮ್ಮ ಕೈಯಲ್ಲಿದ್ದ ವಸ್ತುವಿನ ಕೊರತೆಯನ್ನು ಬಳಕೆಯಿಂದಲೇ ಅರಿತು ತಿದ್ದಿದವರು. ಆದ್ದರಿಂದ ಮಾಡಿದವನಿಗಿಂತ ಬಳಸುವವನು ಜಾಣನಾಗಲಾರನೆಂಬ ತಂದೆಯ ಮಾತನ್ನು ಚರಿತ್ರೆ ಪೂರ್ತಿಯಾಗಿ ಒಪ್ಪುವುದಿಲ್ಲ.

ಹಾಗೆಂದು ಅಣ್ಣನ ಪಕ್ಷವನ್ನು ಕೂಡಲೇ ಹಿಡಿಯುವಂತೆಯೂ ಇಲ್ಲ. ಗಾಳದ ಕೋಲಿನ ಬಗೆಗೆ ನಮ್ಮ ದೇಶದಲ್ಲಿ ಬಂದ ಪ್ರಸಿದ್ಧ ಗ್ರಂಥ, ‘ದಿ ರಾಡ್ ಇನ್ ಇಂಡಿಯ’, 1873ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದವರು. ಗಾಳದ ವಿನೋದವನ್ನು ಬಲ್ಲ ಈ ಅಧಿಕಾರಿಯೇ ಹೊಳೆಗಳಲ್ಲಿ ಮರಿಮೀನುಗಳು ನಾಶವಾಗುತ್ತಿರುವುದನ್ನು ಕಂಡು ಚಿಂತಿಸಿ ಸರಕಾರಕ್ಕೆ ವರದಿ ಒಪ್ಪಿಸಿದರು. 1897ರ ಭಾರತೀಯ ಮೀನುಗಾರಿಕಾ ಅಧಿನಿಯಮವು ಸಿಡಿಮದ್ದು ಮತ್ತು ವಿಷಗಳಿಂದ ಮೀನು ಹಿಡಿಯುವುದನ್ನು ನಿಷೇಧಿಸಿತು. ಹೆಚ್ಚು ಮೀನು ಕೊಡುವ ಉಪಾಯವೆಲ್ಲವೂ ಒಳ್ಳೆಯ ಉಪಾಯವಲ್ಲವೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ.

ಇನ್ನು ಸಮುದ್ರಕ್ಕೆ ಬರೋಣ. ಗೋವೆಯವರು ರಾಂಪೋಣ್ ಎಂದೂ ಕನ್ನಡ ಕರಾವಳಿಯವರು ರಂಪಣಿ ಎಂದೂ ಕರೆಯುವ ಬಲೆ ಒಂದೇ ಜಾತಿಯದು. ಮಳೆಗಾಲ ಕಳೆದು ಬಂಗಡೆ, ತಾರಲೆಗಳ ಹಿಂಡು ದಡದ ಸಮೀಪಕ್ಕೆ ಬಂದಾಗ ದೋಣಿಯೊಂದು ಬಲೆಯನ್ನು ಹೊತ್ತು ಅರ್ಧವೃತ್ತಾಕಾರವಾಗಿ ನೀರಿಗೆ ಇಳಿಸಿ ಬರುತ್ತದೆ. ಎರಡು ತುದಿಗಳ ಹಗ್ಗ ದಡದಲ್ಲಿರುತ್ತದೆ. 50 ಮಂದಿ, ದೊಡ್ಡ ಬಲೆಯಾದರೆ 100 ಮಂದಿ, ಎರಡು ಸಾಲಾಗಿ ನಿಂತು ಎಳೆಯುತ್ತಾರೆ. ದೋಣಿಯೂ ಸಾಮಾನ್ಯವಾದುದಲ್ಲ. ಹಲಗೆಗಳನ್ನು ಮೊಳೆಯಿಂದ ಜಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದುದು. ಅಲೆಯ ಹೊಡೆತಕ್ಕೆ ಬಾಗುವುದೇ ಹೊರತು ಸೀಳುವುದಿಲ್ಲ. ಸಿಕ್ಕಿದ ಮೀನಿನಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂಬ ಪಾಲಿನ ಕ್ರಮವಿತ್ತು. ಹಾದಿಯಲ್ಲಿ ಹೋಗುವವನು ಹಗ್ಗಕ್ಕೆ ಕೈಕೊಟ್ಟರೆ ಅವನಿಗೂ ಒಂದು ಹಿಡಿ ಮೀನು ದೊರೆಯುತ್ತಿತ್ತು. ಖಾರ್ವಿಗಳು, ಗಾಬಿತರು, ಹರಿಕಂತ್ರರು, ಮೊಗವೀರರು ಬಾಳಿದ್ದು ಇಂಥ ವ್ಯವಸ್ಥೆಯ ನೆರಳಿನಲ್ಲಿ.

ಈ ಜನರು ಹಳತಿಗೇ ಅಂಟಿಕೊಂಡವರೆಂದು ಹೇಳುವುದು ಅನ್ಯಾಯ. ಹಿಂದೆ ಬಲೆಗಳನ್ನು ಹತ್ತಿ, ಸೆಣಬುಗಳ ನೂಲಿನಿಂದ ನೇಯುತ್ತಿದ್ದರು. ಅವು ಕೊಳೆಯದಿರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಮತ್ತೆ ಮತ್ತೆ ಒಣಗಿಸಬೇಕಾಗಿತ್ತು. 1935ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಹುಟ್ಟಿದ ನೈಲಾನು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಮ್ಮ ದಡಕ್ಕೆ ಬಂದಾಗ ಮೀನುಗಾರರು ಅದನ್ನು ಸಂತೋಷದಿಂದ ಬರಮಾಡಿಕೊಂಡರು. ಹಗುರ, ಗಟ್ಟಿ, ಕೊಳೆಯದು; ಹರಿದರೆ ತಾವೇ ಹೊಲಿದುಕೊಳ್ಳಬಹುದು. ಬಲೆಯ ಒಡೆಯ ಬದಲಾಗಲಿಲ್ಲ, ಎಳೆಯುವ ಕೈ ಬದಲಾಗಲಿಲ್ಲ, ಪಾಲಿನ ಕ್ರಮ ಬದಲಾಗಲಿಲ್ಲ. ಬದಲಾದದ್ದು ನೂಲು ಮಾತ್ರ. ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು 20ನೆಯ ಶತಮಾನದ ಆರಂಭದಲ್ಲಿ ಕಬ್ಬಿಣದ ನೇಗಿಲು ತಯಾರಿಸಿದಾಗ ಮೊದಲು ಹಿಂಜರಿದ ರೈತರು ಕ್ರಮೇಣ ಅದನ್ನು ಒಪ್ಪಿಕೊಂಡದ್ದೂ ಇದೇ ಕಾರಣಕ್ಕೆ. ಎತ್ತು ಅವರದೇ, ಹೊಲ ಅವರದೇ, ನೇಗಿಲಷ್ಟೇ ಹೊಸದು.

ದೋಣಿಯ ಕಥೆ ಬೇರೆಯಾಯಿತು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ ಮರುವರ್ಷ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಪ್ರಾರಂಭವಾಯಿತು. ಊರಿನ ದೋಣಿಗಳಿಗೇ ಎಂಜಿನ್ ಕೂಡಿಸಬೇಕೆಂಬುದು ಮೊದಲ ವಿಚಾರ. ಅದು ಫಲಿಸಲಿಲ್ಲ. ಹೊಸ ನಮೂನೆಯ ದೋಣಿಗಳು ಬಂದವು. ಅವುಗಳ ಹಿಂದೆ ಸಮುದ್ರದ ತಳವನ್ನು ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆ ಬಂದಿತು. ವಿದೇಶಗಳಲ್ಲಿ ಸಿಗಡಿಗೆ ಬೆಲೆ ಏರಿದ್ದರಿಂದ 1960ರ ದಶಕದಲ್ಲಿ ಟ್ರಾಲರುಗಳಿಗೆ ಬೇಡಿಕೆ ಬೆಳೆಯಿತು. ಆ ಯೋಜನೆಯ ಶಾಖೆ ಕಾರವಾರಕ್ಕೂ ಬಂದಿತು. ಹೀಗೆ ಇದ್ದುದನ್ನು ತಿದ್ದುವ ಯೋಜನೆಯಾಗಿ ಹೊರಟದ್ದು ಇದ್ದುದನ್ನು ಬದಿಗೊತ್ತುವ ಯೋಜನೆಯಾಗಿ ಮುಗಿಯಿತು.

1961ರ ಡಿಸೆಂಬರ್ 19ರಂದು ವಿಮೋಚನೆಗೊಂಡ ಗೋವೆಯಲ್ಲೂ ಅದೇ ದಶಕದಲ್ಲಿ ಸರಕಾರದ ಸಹಾಯಧನದೊಡನೆ ಟ್ರಾಲರುಗಳು ಇಳಿದವು. ಈ ನೆರವು ಮೀನುಗಾರಿಕೆಯ ಕುಲಕಸುಬಿಲ್ಲದ ಹಣವಂತರ ಪಾಲಾಗುತ್ತಿದೆಯೆಂಬುದು ರಾಂಪೋಣ್‌ಕಾರರ ಮುಖ್ಯ ದೂರಾಗಿತ್ತು. ಅದಕ್ಕಿಂತಲೂ ಮಿಗಿಲಾದ ಸಂಕಟವೆಂದರೆ, ದೂರ ಹೋಗಲು ಶಕ್ತಿಯಿರುವ ಟ್ರಾಲರು ದೂರ ಹೋಗಲಿಲ್ಲ. ಸಿಗಡಿ ಇರುವುದು ದಡದ ಸಮೀಪದಲ್ಲಿ. ಆದ್ದರಿಂದ ಅದು ರಾಂಪೋಣಿನ ನೀರಿಗೇ ಬಂದಿತು. ದಡದಿಂದ ಕದಲಲಾರದ ಬಲೆಗೂ ಎಲ್ಲಿಗೆ ಬೇಕಾದರೂ ಹೋಗಬಲ್ಲ ಬಲೆಗೂ ಒಂದೇ ಕಣದಲ್ಲಿ ಸ್ಪರ್ಧೆ ಏರ್ಪಟ್ಟಿತು. ಫಲಿತಾಂಶವನ್ನು ಊಹಿಸಲು ಗಣಿತ ಬೇಕಿಲ್ಲ.

1970ರ ದಶಕದ ಉತ್ತರಾರ್ಧದಲ್ಲಿ ರಾಂಪೋಣ್‌ಕಾರರು ಸಂಘಟಿತರಾದರು. ಅವರ ಮುಂದಾಳು ಮತಾನಿ ಸಲ್ಡಾನಾ ಶಾಲೆಯ ಅಧ್ಯಾಪಕರಾಗಿದ್ದವರೆಂಬುದನ್ನು ನಮ್ಮ ಶಿಕ್ಷಕ ವಾಚಕರು ಗಮನಿಸಬೇಕು. ಮೆರವಣಿಗೆಗಳಾದವು, ಉಪವಾಸಗಳಾದವು, ಸಮುದ್ರದಲ್ಲಿ ಘರ್ಷಣೆಗಳೂ ಆದವು. ದಡದಿಂದ 5 ಕಿಲೋಮೀಟರ್ ನೀರು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲಿರಲಿ ಎಂಬುದೇ ಅವರ ಬೇಡಿಕೆಯ ತಿರುಳು. 1978ರಲ್ಲಿ ಈ ಚಳವಳಿಯು ಇತರ ಪ್ರಾಂತಗಳ ಮೀನುಗಾರರೊಡನೆ ಕೂಡಿ ರಾಷ್ಟ್ರೀಯ ವೇದಿಕೆಯಾಯಿತು. ಅದೇ ಮುಂದೆ ರಾಷ್ಟ್ರೀಯ ಮೀನುಗಾರರ ವೇದಿಕೆಯೆಂದು ಹೆಸರಾಯಿತು. 1979ರಲ್ಲಿ ಕೇಂದ್ರ ಸರಕಾರವು ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿತು. ಗೋವಾ, ದಮನ್ ಮತ್ತು ದಿಯು ಸಮುದ್ರ ಮೀನುಗಾರಿಕಾ ನಿಯಂತ್ರಣ ಅಧಿನಿಯಮವು 1980ರಲ್ಲಿ ಬಂದಿತು. 5 ಕಿಲೋಮೀಟರಿನ ಗೆರೆ ಕಾನೂನಾಯಿತು. ಕರ್ನಾಟಕದ ಅಧಿನಿಯಮ ಬಂದದ್ದು 1986ರಲ್ಲಿ.

ಅಷ್ಟರಲ್ಲಿ ನಮ್ಮ ಕನ್ನಡ ಕರಾವಳಿಯ ರಂಪಣಿಗೆ ಬೇರೊಂದು ಪೆಟ್ಟು ಬಿದ್ದಿತ್ತು. 1970ರ ದಶಕದ ನಡುಭಾಗದಲ್ಲಿ ಮಂಗಳೂರಿನ ಕಡೆ ಪರ್ಸೀನ್ ಬಲೆ ಬಂದಿತು. ಹಿಂಡನ್ನು ನಡುನೀರಿನಲ್ಲಿಯೇ ಸುತ್ತುವರಿದು, ಚೀಲದ ಬಾಯಿಯನ್ನು ಎಳೆದು ಕಟ್ಟುವಂತೆ ತಳವನ್ನು ಮುಚ್ಚುವ ಬಲೆ ಇದು. ಬಂಗಡೆ ದಡಕ್ಕೆ ಬರುವವರೆಗೆ ಕಾಯುವ ರಂಪಣಿ ಬರಿಗೈಯಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳ ಕಾಲ ಮುಗಿಯಿತು.

ಸೋತವರು ಸುಮ್ಮನೆ ಕುಳಿತರೇ? ಇಲ್ಲ. 1980ರ ದಶಕದಲ್ಲಿ ದೋಣಿಯ ಹಿಂಭಾಗಕ್ಕೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಹರಡಿತು. 1950ರ ದಶಕದಲ್ಲಿ ಆಗದೆ ಉಳಿದ ಕೆಲಸ ಈಗ ಆಯಿತು: ಹಳೆಯ ದೋಣಿ ಹಳೆಯ ಒಡೆಯನ ಕೈಯಲ್ಲಿಯೇ ಉಳಿದು ಎಂಜಿನ್ ಪಡೆಯಿತು. ಗಾಳಿಗೆ ಕಾಯಬೇಕಿಲ್ಲ, ಹುಟ್ಟು ಹಾಕಿ ತೋಳು ಸೋಲಬೇಕಿಲ್ಲ. ಇದನ್ನು ಲಾಭವಲ್ಲವೆನ್ನುವುದು ದಡದಲ್ಲಿ ಕುಳಿತವರ ಮಾತಾದೀತು. ಆದರೆ ಗಾಳಿ ಪುಕ್ಕಟೆ, ಎಣ್ಣೆಗೆ ಹಣ ಬೇಕು. ಹುಟ್ಟು ಮುರಿದರೆ ಬಡಗಿ ಸಾಕು, ಎಂಜಿನ್ ಕೆಟ್ಟರೆ ಪೇಟೆಯ ಬಿಡಿಭಾಗ ಬೇಕು. ಮೀನು ಸಿಗದ ದಿನವೂ ಖರ್ಚು ತಪ್ಪಲಿಲ್ಲ, ಸಾಲ ಬೆಳೆಯಿತು.

ಇಲ್ಲಿ ಮತ್ತೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎಂಜಿನ್ ಪಡೆದ ನಾಡದೋಣಿಗಳು ಪರ್ಸೀನಿನದೇ ಚಿಕ್ಕ ರೂಪಗಳನ್ನು ಹಿಡಿದವು. ಕನ್ನಡ ಕರಾವಳಿಯ ಮಾಟುಬಲೆ, ರಾಣಿಬಲೆಗಳು, ಕೇರಳದ ರಿಂಗ್ ಬಲೆಗಳು ಇದೇ ವರ್ಗದವು. ಯಾವ ಬಲೆಯಿಂದ ತಾವು ನೊಂದರೋ ಅದನ್ನೇ ಸಣ್ಣದಾಗಿ ಕತ್ತರಿಸಿಕೊಂಡರು. ಅವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ನೆರೆಯವನು ಬಾಚುತ್ತಿರುವಾಗ ಕೈಕಟ್ಟಿ ಕುಳಿತವನ ಮಕ್ಕಳು ಉಪವಾಸವಿರಬೇಕಾಗುತ್ತದೆ. ಆದರೂ ‘ಸಾಂಪ್ರದಾಯಿಕ’ ಎಂಬ ಹೆಸರೊಂದರಿಂದಲೇ ಸಲಕರಣೆ ನಿರಪಾಯವಾಗುವುದಿಲ್ಲವೆಂಬುದನ್ನು ಒಪ್ಪಲೇಬೇಕು. ಪ್ರಬಲವಾದ ಎಲ್‌ಇಡಿ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವ ಕ್ರಮವನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಬೇಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮಾಲಿಮ್, ಕುಟ್ಬೊಣ, ಖಾರಿವಾಡೊ ಧಕ್ಕೆಗಳಲ್ಲಿ ಲಂಗರು ಹಾಕಿ ನಿಲ್ಲುವುದೂ ಇದೇ ತಿಳಿವಳಿಕೆಯ ಫಲ. ಮೊದಲು ಮಳೆಗಾಲದ ಬಿರುಗಾಳಿಯೇ ಮೀನಿಗೆ ರಜೆ ಕೊಡುತ್ತಿತ್ತು. ಎಂಜಿನ್ ಅದನ್ನು ಮೀರಿದ ಮೇಲೆ ಆ ರಜೆಯನ್ನು ಕಾನೂನು ಕೊಡಬೇಕಾಯಿತು.

ಇಷ್ಟರಿಂದ ನಾವು ಕಲಿಯುವ ಪಾಠವೇನು? ತಿದ್ದಬೇಕೆ, ಬಿಡಬೇಕೆ ಎಂಬ ಪ್ರಶ್ನೆಗೆ ಸಲಕರಣೆಯನ್ನಷ್ಟೇ ನೋಡಿ ಉತ್ತರ ಹೇಳಲಾಗದು. ತಿದ್ದಿದ ಮೇಲೆ ಅದನ್ನು ರಿಪೇರಿ ಮಾಡುವ ವಿದ್ಯೆ ಯಾರ ಕೈಯಲ್ಲಿ ಉಳಿಯುತ್ತದೆ, ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ, ಪಕ್ಕದವನಿಗೂ ನಾಳಿನವನಿಗೂ ನೀರಿನಲ್ಲಿ ಏನು ಮಿಗುತ್ತದೆ ಎಂಬುದನ್ನು ನೋಡಬೇಕು. ನೈಲಾನು ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆದ್ದಿತು. ಔಟ್‌ಬೋರ್ಡ್ ಎಂಜಿನ್ ಅರ್ಧ ಗೆದ್ದು ಅರ್ಧ ಸೋತಿತು. ದಡದಂಚಿಗೆ ಬಂದ ಟ್ರಾಲ್ ಬಲೆ ಸೋತಿತು. ಅದರ ಸೋಲಿನ ದಂಡವನ್ನು ತೆತ್ತವರು ಮಾತ್ರ ಬೇರೆಯವರು.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದ್ದು ಇಷ್ಟು: “ಅಣ್ಣನಿಗೆ ಹೇಳು, ಒಂದು ವರ್ಷ ರೀಲನ್ನು ಇದ್ದಂತೆಯೇ ಬಳಸಲಿ. ಉಪ್ಪುನೀರಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಲಿ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಎಸೆತ ದೂರ ಹೋಗದಿದ್ದರೆ ತಪ್ಪು ಬೇರಿಂಗಿನದೋ ತೋಳಿನದೋ ಮೊದಲು ತಿಳಿಯಲಿ. ಗ್ರೀಸಿಲ್ಲದ ಬೇರಿಂಗು ವೇಗವಾಗಿ ತಿರುಗುತ್ತದೆ, ಆದರೆ ಸಮುದ್ರದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ದಾರವನ್ನು ತಡೆದು ಬಿಡುವ ವಾಷರು ಸವೆದಿದ್ದರೆ ಒಳ್ಳೆಯದನ್ನು ಹಾಕಲಿ. ಆಗ ದಾರ ಹರಿಯದು, ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡು ಮೀನು ನರಳದು. ಬಿಚ್ಚುವ ಕೆಲಸ ಮಾತ್ರ ತಾನೇ ಕಲಿತು ಮಾಡಲಿ. ಅಪ್ಪನಿಗೂ ಹೇಳು, ಮಾಡಿದವನು ದೇವರಲ್ಲ.”

ಬಾಣಾವಲಿ, ಕೋಲ್ವಾ ಕಡಲತೀರಗಳಲ್ಲಿ ಇಂದಿಗೂ ಅಪರೂಪಕ್ಕೆ ರಾಂಪೋಣ್ ಎಳೆಯುವುದನ್ನು ಕಾಣಬಹುದು. ಪ್ರವಾಸಿಗರು ಅದರ ಚಿತ್ರ ತೆಗೆದುಕೊಳ್ಳುತ್ತಾರೆ. ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದ ಕುಟುಂಬಗಳ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿ ಅನೇಕರಿದ್ದಾರೆ. ಸಮುದ್ರವನ್ನು ಅವರು ಕಂಡದ್ದೇ ಇಲ್ಲಿಗೆ ಬಂದ ಮೇಲೆ. ಅಧ್ಯಾಪಕ ಮಿತ್ರರು ಒಂದು ಬೆಳಗ್ಗೆ ಅವರನ್ನು ಆ ತೀರಕ್ಕೆ ಕರೆದೊಯ್ಯಲಿ. ಚಿತ್ರ ತೆಗೆಯುವುದಕ್ಕಲ್ಲ, ಹಗ್ಗಕ್ಕೆ ಕೈಕೊಟ್ಟು ನೋಡಲಿ. ನೂರು ಕೈಗಳಿಗೆ ಕೆಲಸ ಕೊಡುತ್ತಿದ್ದ ಸಲಕರಣೆಯ ತೂಕವೆಷ್ಟೆಂಬುದು ಪುಸ್ತಕದಿಂದ ತಿಳಿಯುವಂಥದಲ್ಲ.