ಒಂದೇ ಕೆಮ್ಮಣ್ಣು, ಹಲವು ಪಟ್ಟುಗಳು

ಬೆಳಗಾವಿಯ ಕೋಟೆಗೆ ಬರುವ ಪರಊರಿನವರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿ ಸಿದ್ಧವಾಗಿಯೇ ಇದೆ. ಬಾಗಿಲ ಬಳಿ ದುರ್ಗಾದೇವಿಯ ಗುಡಿ. ಒಳಗೆ ರಟ್ಟರ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ. ಅಲ್ಲಿಂದ ತುಸು ದೂರದಲ್ಲಿ ಆದಿಲಶಾಹಿಯ ಕಾಲದ ಸಫಾ ಮಸೀದಿ. ರಟ್ಟರು, ಯಾದವರು, ವಿಜಯನಗರದವರು, ಬಹಮನಿಗಳು, ಬಿಜಾಪುರದವರು, ಮರಾಠರು, ಕಡೆಗೆ 1818ರಲ್ಲಿ ಇಂಗ್ಲಿಷರು, ಹೀಗೆ ಕೋಟೆಯ ಚರಿತ್ರೆಯನ್ನು ಅದನ್ನು ಗೆದ್ದವರ ಹೆಸರುಗಳಲ್ಲಿ ಹೇಳಿ ಮುಗಿಸುವುದು ವಾಡಿಕೆ. ನಾನು ಇಂದು ಹೇಳಹೊರಟಿರುವುದು ಆ ಪಟ್ಟಿಯಲ್ಲಿ ಸೇರದ ಒಂದು ಮನೆಯ ಚರಿತ್ರೆ. ಕೋಟೆಯ ಹೊರಗೆ, ಊರಿನ ಓಣಿಗಳಲ್ಲಿ, ತಗ್ಗು ಬಾಗಿಲಿನ, ಕಿರುಗಿಂಡಿಯ, ಕೆಮ್ಮಣ್ಣಿನ ನೆಲದ ಗರಡಿಮನೆಯ ಚರಿತ್ರೆ.

ನಾನು ಹುಟ್ಟಿದ್ದು ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ. ನನ್ನ ಬಲಗಾಲು ಎಡಗಾಲಿಗಿಂತ ಹುಟ್ಟಿನಿಂದಲೇ ಒಂದು ಬೆರಳಿನಷ್ಟು ಗಿಡ್ಡ. ಹಳ್ಳದಲ್ಲಿ ಈಜುವಾಗಲೂ ಮರ ಹತ್ತುವಾಗಲೂ ಅದು ನನಗೆ ಅರಿವಾಗಿರಲಿಲ್ಲ. ಅರಿವಾದದ್ದು 1956ರಲ್ಲಿ, ಬೆಳಗಾವಿಯ ಶಾಲೆಯೊಂದಕ್ಕೆ ಸೇರಿದಾಗ. ಅಲ್ಲಿ ಶನಿವಾರ ಬೆಳಿಗ್ಗೆ ಕವಾಯತು. ಐವತ್ತು ಹುಡುಗರು ಒಂದೇ ಹೆಜ್ಜೆ ಹಾಕಬೇಕು. ಐವತ್ತು ಕೈಗಳು ಒಂದೇ ಎತ್ತರಕ್ಕೆ ಏಳಬೇಕು. ಮೂರನೆಯ ಶನಿವಾರ ಮಾಸ್ತರರು ನನ್ನನ್ನು ಹೊರಗೆ ಕರೆದು, "ನೀನು ಸಾಲು ಕೆಡಿಸುತ್ತೀ, ಆ ಗಿಡದ ಕೆಳಗೆ ಕೂತುಕೋ" ಎಂದರು. ಅವರು ಕೆಟ್ಟವರಲ್ಲ. ಅವರಿಗೆ ಕಲಿಸಿದ್ದ ವಿದ್ಯೆಯಲ್ಲಿ ಸಾಲು ಮುಖ್ಯವಾಗಿತ್ತು, ಅಷ್ಟೆ. ಆದರೆ ಹನ್ನೊಂದು ವರ್ಷದ ಹುಡುಗನಿಗೆ ಆ ಗಿಡದ ನೆರಳು ಬಹಳ ದಿನ ಸುಡುತ್ತಲೇ ಇತ್ತು.

ನನ್ನ ಸೋದರಮಾವ ಒಂದು ಸಂಜೆ ನನ್ನನ್ನು ಗರಡಿಗೆ ಕರೆದೊಯ್ದ. ಗೋಡೆಯಲ್ಲಿ ಮಾರುತಿಯ ಚಿತ್ರ, ಮೂಲೆಯಲ್ಲಿ ಸಂಗ್ರಾಣಿ ಕಲ್ಲು, ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದಮಾಡಿದ ಮಣ್ಣು. ಕಲಿಸುವ ವಸ್ತಾದರು ಮುಸಲ್ಮಾನರು. ಮಾರುತಿಗೆ ಊದುಬತ್ತಿ ಹಚ್ಚದೆ ಹುಡುಗರನ್ನು ಮಣ್ಣಿಗಿಳಿಸುತ್ತಿರಲಿಲ್ಲ. ಮಾವ ನನ್ನ ಕಾಲಿನ ಸಂಗತಿಯನ್ನೂ ಕವಾಯತಿನ ಕಥೆಯನ್ನೂ ಹೇಳಿದ. ವಸ್ತಾದರು ಕೇಳಿಸಿಕೊಂಡು, "ಇಲ್ಲಿ ಸಾಲು ಇಲ್ಲಪಾ ತಮ್ಮಾ, ಮಣ್ಣು ಐತಿ. ಅಂಗಿ ತಗದಿಟ್ಟು ಬಾ" ಎಂದರು.

ಬೆಳಗಾವಿಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಬೀದಿಯಲ್ಲಿ ಯಾವ ನುಡಿಯಲ್ಲಿ ಮಾತಾಡಬೇಕೆಂದು ಜನ ಅಳೆದು ನೋಡುತ್ತಿದ್ದ ಕಾಲ. ಗರಡಿಯೊಳಗೆ ಆ ಅಳತೆ ಇರಲಿಲ್ಲ. ಅಲ್ಲಿನ ಮಾತುಗಳನ್ನೇ ನೋಡಿ: ಗರಡಿ, ಪಟ್ಟು ಎಂಬವು ನಮ್ಮವು, ಡಾವ ಎಂಬುದು ಮರಾಠಿಯದು, ವಸ್ತಾದ, ಪೈಲವಾನ ಎಂಬವು ಪಾರಸಿಯಿಂದ ಬಂದವು, ತಾಲೀಮು ಅರಬ್ಬಿಯದು. ಯಾರೂ ಯಾವುದನ್ನೂ ಹೊರಗೆ ನಿಲ್ಲಿಸಿರಲಿಲ್ಲ.

ಆದರೆ ನನಗೆ ಈಗ ಮುಖ್ಯವಾಗಿ ತೋರುವುದು ಈ ಬೆರಕೆಯಲ್ಲ, ಅದರೊಳಗಿನ ಇನ್ನೊಂದು ಸಂಗತಿ. ದಂಡ, ಬಸ್ಕಿಗಳನ್ನು ಎಲ್ಲರೂ ಹೊಡೆಯುತ್ತಿದ್ದರು. ಆದರೆ ಎಷ್ಟು ಹೊಡೆಯಬೇಕೆಂಬುದು ಒಬ್ಬೊಬ್ಬನಿಗೆ ಒಂದೊಂದು. ಎತ್ತರದ ಹುಡುಗನಿಗೆ ಢಾಕ, ತೋಳಬಲದವನಿಗೆ ಧೋಬಿ, ಗಿಡ್ಡ ಮೈಯವನಿಗೆ ಎದುರಾಳಿಯ ಕೆಳಗೆ ನುಗ್ಗಿ ಹೆಗಲ ಮೇಲೆತ್ತುವ ಕಲಾಜಂಗ. ನನ್ನನ್ನು ಹದಿನೈದು ದಿನ ಬರಿದೆ ನೋಡಿದ ವಸ್ತಾದರು, ಕಾಲಿಗೆ ಕೈಹಾಕುವ ಪಟವನ್ನು ಹೇಳಿಕೊಟ್ಟರು. ಬಲಕ್ಕೆ ತುಸು ವಾಲಿ ನಿಲ್ಲುವ ನನ್ನ ನಿಲುವಿನಿಂದ ಆ ಹಿಡಿತಕ್ಕೆ ಬಾಗುವುದು ಸುಲಭವಾಗುತ್ತಿತ್ತು. ನಾನು ಪೈಲವಾನನಾಗಲಿಲ್ಲ. ಜಾತ್ರೆಯ ಕಣದಲ್ಲಿ ಆಡಿದ್ದು ಎರಡೇ ಕುಸ್ತಿ. ಒಂದು ಸೋತೆ, ಒಂದು ಸರಿಸಮವಾಯಿತು. ಆದರೂ ನನ್ನ ಮೈ ಸಾಲು ಕೆಡಿಸುವ ವಸ್ತುವಲ್ಲ, ಅದಕ್ಕೂ ಒಂದು ಪಟ್ಟು ಇದೆ ಎಂಬ ಅರಿವು ಅಂದು ಬಂದದ್ದು ಮತ್ತೆ ಹೋಗಲಿಲ್ಲ.

ಈ ನೋಟ ಆ ವಸ್ತಾದರೊಬ್ಬರ ಸ್ವಂತದ್ದೆಂದು ಬಹುಕಾಲ ತಿಳಿದಿದ್ದೆ. ಮುಂದೆ 'ಮಾನಸೋಲ್ಲಾಸ'ವನ್ನು ಓದುವಾಗ ಅದರ ಬೇರು ಎಷ್ಟು ಹಳೆಯದೆಂದು ತಿಳಿಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಗ್ರಂಥವದು. ನಮ್ಮ ರಟ್ಟರು ಆಗ ಆ ಚಾಲುಕ್ಯರ ಮಾಂಡಲಿಕರು. ಅದರ ಮಲ್ಲವಿನೋದದ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿದೆ. ಅವರ ಅಂಗಸಾಧನೆ ಹೇಗಿರಬೇಕು, ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಅರಸನು ಹೇಗೆ ಒದಗಿಸಬೇಕು ಎಂಬುದೆಲ್ಲ ಅಲ್ಲಿದೆ. ಮಲ್ಲರೆಲ್ಲ ಒಂದೇ ಅಚ್ಚಿನವರಲ್ಲವೆಂಬುದನ್ನು ಒಪ್ಪಿಕೊಂಡೇ ಆ ಶಾಸ್ತ್ರ ಆರಂಭವಾಗುತ್ತದೆ.

ಕವಾಯತಿನ ಚರಿತ್ರೆ ಬೇರೆ. 1811ರಲ್ಲಿ ಬರ್ಲಿನ್ನಿನ ಹೊರಗೆ ಯಾನ್ ಎಂಬಾತ ಬಯಲು ಗರಡಿಯೊಂದನ್ನು ತೆರೆದ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಲಿಂಗ್ ಎಂಬಾತನ ಅಂಗಸಾಧನೆಯ ಶಾಲೆ ಆರಂಭವಾಯಿತು. ಸೋತ ನಾಡಿನ ತರುಣರನ್ನು ಒಗ್ಗೂಡಿಸಿ ನಿಲ್ಲಿಸುವುದು ಯಾನನ ಉದ್ದೇಶ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಗ್ಗಟ್ಟಿನ ಹೆಸರಿನಲ್ಲಿ ಒಂದೇ ತೆರನಾದ ಮೈ ಬೇಕೆನ್ನುವವರು ಮುಂದೆ ಒಂದೇ ತೆರನಾದ ರಕ್ತ ಬೇಕೆನ್ನಲೂ ಹಿಂಜರಿಯಲಿಲ್ಲ. ಯಾನನ ಪರಂಪರೆಯದೇ ಆದ ವಿಯೆನ್ನಾದ ಸಂಘವೊಂದು 1887ರಲ್ಲಿ ಯಹೂದಿಯರನ್ನು ಹೊರಗೆ ಹಾಕಿತು.

ನಮ್ಮ ಊರಿಗೂ ಕವಾಯತು ಬಂದದ್ದು ಇಂಗ್ಲಿಷರ ಕ್ಯಾಂಪಿನಿಂದ. ಅದನ್ನು ನಾಡಿನ ಕೆಲಸಕ್ಕೆ ತಿರುಗಿಸಿದವರು ಡಾ. ನಾ. ಸು. ಹರ್ಡೀಕರರು. ಅವರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳವು, ಮರುವರ್ಷ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ತನ್ನ ಶಿಸ್ತಿನ ಸೇವೆಯನ್ನು ಸಲ್ಲಿಸಿತು. ಅಲ್ಲಿ ಉಮಾಬಾಯಿ ಕುಂದಾಪುರ ಅವರು ಮನೆಮನೆಗೆ ಹೋಗಿ ಕರೆತಂದ 150ಕ್ಕೂ ಹೆಚ್ಚು ಮಹಿಳೆಯರು ಸ್ವಯಂಸೇವಕಿಯರಾಗಿ ದುಡಿದರು. ಹೆಣ್ಣುಮಕ್ಕಳು ಹೊಸಿಲು ದಾಟಲು ಅಂಜುತ್ತಿದ್ದ ಆ ದಿನಗಳಲ್ಲಿ ಸಾಲಿನಲ್ಲಿ ನಿಲ್ಲುವುದೇ ಒಂದು ಬಿಡುಗಡೆಯಾಗಿತ್ತು. ಸಾಲು ನನ್ನನ್ನು ಹೊರಗೆ ಕೂರಿಸಿತೆಂದು ನಾನು ಈ ಮಾತನ್ನು ಮರೆಯಲಾಗದು.

ಅದೇ ರೀತಿ, ಗರಡಿ ನನ್ನನ್ನು ಒಳಗೆ ಕರೆಯಿತೆಂದು ಅದರ ಕುಂದನ್ನು ಮುಚ್ಚಿಡಲೂ ಆಗದು. ಹತ್ತಿರದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಜಾತಿಮತಗಳ ಎಣಿಕೆಯಿಲ್ಲದೆ ಪೈಲವಾನರನ್ನು ಸಾಕಿದರು, 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನು ತೆರೆದರು, ನಿಜ. ಆದರೆ ಓಣಿಯ ಗರಡಿಗಳೆಲ್ಲ ಶಾಹೂ ಮಹಾರಾಜರ ಮನಸ್ಸಿನವಾಗಿರಲಿಲ್ಲ. ಓಣಿ ಯಾರದೋ ಗರಡಿಯೂ ಬಹುಮಟ್ಟಿಗೆ ಅವರದೇ. ಹೆಣ್ಣುಮಕ್ಕಳಿಗಂತೂ ಬಾಗಿಲು ಮುಚ್ಚಿತ್ತು. ನನ್ನ ತಂಗಿ ನನಗಿಂತ ಗಟ್ಟಿಗಿತ್ತಿ. ನಾನು ಕಲಿತು ಬಂದ ಪಟವನ್ನು ಹಿತ್ತಲಲ್ಲಿ ನನ್ನ ಮೇಲೆಯೇ ಹಾಕಿ ಕೆಡವುತ್ತಿದ್ದಳು. "ನನ್ನನ್ನೂ ಕರಕೊಂಡು ಹೋಗು ಅಣ್ಣಾ" ಎಂದು ಅವಳು ಕೇಳಿದಾಗ ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಗಿಡದ ಕೆಳಗೆ ಕೂತು ಬಂದವನೇ ಇನ್ನೊಬ್ಬರನ್ನು ಗಿಡದ ಕೆಳಗೆ ಕೂರಿಸಿದ್ದೆನೆಂದು ತಿಳಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ಖಾನಾಪುರದ ಕಾಡಂಚಿನಲ್ಲಿ ನಮ್ಮ ನೆರೆಯವರಾಗಿ ಸಿದ್ದಿ ಜನರಿದ್ದಾರೆ; ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಸಂತತಿ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಹೊರಟಿತು. ಕೆಲವರು ಪದಕ ತಂದರು. 1993ರಲ್ಲಿ ಯೋಜನೆ ನಿಂತು, ಮಕ್ಕಳು ಅರ್ಧದಾರಿಯಿಂದ ಮನೆಗೆ ಮರಳಿದರು. ಇದರಿಂದ ತಿಳಿಯಬೇಕಾದದ್ದಿದೆ. ಒಂದು ಜನಾಂಗವನ್ನು ಒಳಗೆ ಕರೆಯುವುದು ಬೇರೆ, ಆ ಜನಾಂಗದ ಒಬ್ಬ ಹುಡುಗಿಯನ್ನು ನೋಡುವುದು ಬೇರೆ. ಈ ಮೂಲದವರಾದ್ದರಿಂದ ಓಡಲೇಬೇಕು ಎನ್ನುವುದು ಕೂಡ ಒಂದು ಬಗೆಯ ಕವಾಯತೇ. ಅವರಲ್ಲಿ ಒಬ್ಬಳಿಗೆ ಓಟ ಬೇಡ, ಕುಸ್ತಿ ಬೇಕು ಎನಿಸಬಹುದು. ಹಾಗೆಯೇ ಆಯಿತು ಕೂಡ. 2004ರಲ್ಲಿ ಅಥೆನ್ಸಿನ ಒಲಿಂಪಿಕ್ಸಿಗೆ ಮಹಿಳಾ ಕುಸ್ತಿ ಸೇರಿತು. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಖಾನಾಪುರದ ನೆರೆಯ ಹಳಿಯಾಳದಲ್ಲಿ ಇಂದು ಸಿದ್ದಿ ಹುಡುಗಿಯರು ಪಟ್ಟು ಕಲಿತು ಸೆಣಸುತ್ತಿದ್ದಾರೆ.

ನಾನು ಕಲಿತ ಗರಡಿಯ ಜಾಗದಲ್ಲಿ ಈಗ ಅಂಗಡಿಗಳ ಸಾಲು ಇದೆ. ತರುಣರು ಕನ್ನಡಿ ಹಚ್ಚಿದ ಜಿಮ್ಮುಗಳಿಗೆ ಹೋಗುತ್ತಾರೆ. ಅಲ್ಲಿ ಹೆಣ್ಣುಮಕ್ಕಳಿಗೂ ಎಡೆಯಿದೆ, ಅದು ಒಳ್ಳೆಯದು. ಆದರೆ ಗೋಡೆಯ ಮೇಲೆ ಒಂದೇ ಬಗೆಯ ಮೈಕಟ್ಟಿನ ಚಿತ್ರಗಳನ್ನು ಕಂಡಾಗ ನನಗೆ ಹಳೆಯ ಸಾಲಿನ ನೆನಪಾಗುತ್ತದೆ. ಹೊಸಬನೊಬ್ಬ ಬಾಗಿಲಲ್ಲಿ ಬಂದು ನಿಂತಾಗ ಹದಿನೈದು ದಿನ ಸುಮ್ಮನೆ ಅವನನ್ನು ನೋಡುವ ತಾಳ್ಮೆಯ ವಸ್ತಾದರೊಬ್ಬರು ಅಲ್ಲಿಯೂ ಇರಲಿ ಎಂದು ಹಾರೈಸುತ್ತೇನೆ. ನನ್ನ ತಂಗಿಯ ಮೊಮ್ಮಗಳು ಹೋದ ವರ್ಷ ಕುಸ್ತಿ ಕಲಿಯುವೆನೆಂದು ಹಟ ಹಿಡಿದಳು. ಈ ಸಲ ಮನೆಯಲ್ಲಿ ಯಾರೂ ನಗಲಿಲ್ಲ. ಮೊದಲ ದಿನ ಅವಳನ್ನು ಕರೆದೊಯ್ದವನು ನಾನೇ.