ಮಂಡ್ಯದ ಮನೇಲಿ ಕಡಲು: ನೀರು, ಉಪ್ಪು, ಕಲ್ಲು, ಕರೆಂಟಿನ ಕಥೆ

1/8 ಪ್ರಶ್ನೆ

ಇನ್‌ಬಾಕ್ಸ್‌ಗೆ ಪದೇ ಪದೇ ಬರೋ ಪ್ರಶ್ನೆ ಇದು: "ಅಣ್ಣ, ಮಳವಳ್ಳಿಲಿ ಇದ್ಕೊಂಡು ಮನೇಲಿ ಸಮುದ್ರದ ಟ್ಯಾಂಕ್ ಮಾಡೋಕಾಯ್ತದಾ? ಯೂಟ್ಯೂಬಲ್ಲಿ ತೋರಿಸ್ತಾರಲ್ಲ, ನೀಲಿ ಲೈಟು, ಹವಳ, ಕಿತ್ತಳೆ ಬಣ್ಣದ ನೀಮೋ ಮೀನು, ಅಂಥದ್ದು."

ಆಯ್ತದೆ. ಆದ್ರೆ ಯಾವ ಟ್ಯಾಂಕು, ಯಾವ ಲೈಟು ಅನ್ನೋಕ್ಕಿಂತ ಮುಂಚೆ ಇದರ ಇತಿಹಾಸ ಸ್ವಲ್ಪ ತಿಳ್ಕೊಂಡ್ರೆ ದುಡ್ಡೂ ಉಳಿಯುತ್ತೆ, ಮೀನೂ ಉಳಿಯುತ್ತೆ.

ಮಂಡ್ಯ ಪಟ್ಟಣ ಇರೋದು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿ. ಘಟ್ಟ ಇಳಿದು ಮಂಗಳೂರಿನ ಕಡಲು ಮುಟ್ಟಬೇಕಂದ್ರೆ ಹತ್ತಿರ ಹತ್ತಿರ 300 ಕಿ.ಮೀ. ನಮಗೆ ನೀರು ಅಂದ್ರೆ ಕಾವೇರಿ, ಶಿಂಷಾ, ವಿ.ಸಿ. ನಾಲೆ, ಕೆರೆ, ಬೋರ್‌ವೆಲ್. ಇಂಥ ಊರಲ್ಲಿ ಒಂದು ಗಾಜಿನ ಪೆಟ್ಟಿಗೆಯಷ್ಟು ಕಡಲು ಬದುಕಿರಬೇಕಾದ್ರೆ ನಾಲ್ಕು ವಿಷಯ ಬಗೆಹರಿಯಬೇಕು: ನೀರು ಆಡ್ತಿರಬೇಕು, ಉಪ್ಪು ಸರಿ ಇರಬೇಕು, ಗಲೀಜು ಕರಗಿಸೋ ಕಲ್ಲು ಬೇಕು, ಕರೆಂಟು ಬೇಕು. ಇದನ್ನೆಲ್ಲ ಕಲಿಯೋಕೆ ಪ್ರಪಂಚಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡೀತು. ಕರೆಂಟಿನ ವಿಷಯಕ್ಕೆ ಬಂದ್ರೆ, ಆ ಕಥೆಯಲ್ಲಿ ನಮ್ಮ ಮಳವಳ್ಳಿ ತಾಲ್ಲೂಕೂ ಬರುತ್ತೆ.

2/8 ಕಿಟಕಿ ಪಕ್ಕ ನಿಂತ ಕೆಲಸದಾಕೆ

1846ನೇ ಇಸವಿ. ಲಂಡನ್ನಿನ ಆನ್ನಾ ಥಿನ್ ಅನ್ನೋ ಮಹಿಳೆ ಇಂಗ್ಲೆಂಡಿನ ಟಾರ್ಕೀ ಅನ್ನೋ ಕಡಲೂರಿಗೆ ಹೋಗಿದ್ರು. ಅವರ ಯಜಮಾನರು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಚರ್ಚಿನ ಪಾದ್ರಿ. ಅಲ್ಲಿ ಬಂಡೆಗಳ ನಡುವೆ ಕಂಡ ಸಣ್ಣ ಕಲ್ಲುಹವಳಗಳಿಗೆ ಮನಸೋತು, ಜಾಡಿಯಲ್ಲಿ ಹಾಕ್ಕೊಂಡು ಲಂಡನ್ನಿಗೆ ತಂದ್ರು. ದಾರಿಯಲ್ಲಿ ಅಲ್ಲಾಡಿ ಪೆಟ್ಟಾಗಬಾರದು ಅಂತ ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ರು.

ಮೊದಮೊದಲು ದಿನ ಬಿಟ್ಟು ದಿನ ಕಡಲ ನೀರು ತರಿಸಿ ಬದಲಾಯಿಸ್ತಿದ್ರು. ನೀರು ಸಾಲದೇ ಹೋದಾಗ ಒಂದು ಉಪಾಯ ಮಾಡಿದ್ರು. ಮನೆ ಕೆಲಸದಾಕೆ ತೆರೆದ ಕಿಟಕಿ ಮುಂದೆ ನಿಂತು ಅದೇ ನೀರನ್ನ ಪಾತ್ರೆಯಿಂದ ಪಾತ್ರೆಗೆ ಹುಯ್ಯೋದು. ದಿನಾ ಅರ್ಧ, ಮುಕ್ಕಾಲು ಗಂಟೆ. ಹೋಟ್ಲಲ್ಲಿ ಕಾಫಿ ಎತ್ತಿ ಹುಯ್ದು ಆರಿಸ್ತಾರಲ್ಲ, ಹಾಗೆ. ಮುಂದಿನ ವರ್ಷ ಕಡಲ ಪಾಚಿಗಿಡಗಳನ್ನೂ ಸೇರಿಸಿದ್ರು. ಹವಳಗಳು ಹೆಚ್ಚುಕಮ್ಮಿ ಮೂರು ವರ್ಷ ಬದುಕಿದವು.

ಪುಸ್ತಕಗಳಲ್ಲಿ ಯಜಮಾನಿ ಹೆಸರಿದೆ. ಹವಳ ಉಳಿಸಿದ್ದು ಮಾತ್ರ ಆ ಕೆಲಸದಾಕೆಯ ತೋಳು. ಇವತ್ತು ನೀವು ಕೊಳ್ಳೋ ಪಂಪು, ವೇವ್‌ಮೇಕರ್ ಎಲ್ಲಾ ಮಾಡೋದು ಅವಳ ಕೆಲಸವನ್ನೇ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಮ್ಮಿ. ಉಪ್ಪುನೀರಲ್ಲಿ ಇನ್ನೂ ಕಮ್ಮಿ. ನಮ್ಮ ಏಪ್ರಿಲ್ ಬಿಸಿಲಿಗೆ ಈ ಮಾತು ನೆನಪಿಟ್ಕೊಳ್ಳಿ.

3/8 ಹುಚ್ಚು ಹತ್ತಿದ ಕಾಲ

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೀತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅನ್ನೋ ಪ್ರಕೃತಿ ವಿಜ್ಞಾನಿಯ 'ದಿ ಅಕ್ವೇರಿಯಂ' ಪುಸ್ತಕ ಬಂತು. ಇಂಗ್ಲೆಂಡಿನಲ್ಲಿ ಹುಚ್ಚೇ ಹತ್ತಿತು. ಉಳ್ಳವರ ಮನೆ ಹಜಾರದಲ್ಲಿ ಗಾಜಿನ ತೊಟ್ಟಿ ಇರಲೇಬೇಕು ಅನ್ನೋ ಹಾಗಾಯ್ತು. ಜನ ರೈಲು ಹತ್ತಿ ಕಡಲ ದಡಕ್ಕೆ ಹೋಗಿ, ಬಂಡೆ ಗುಂಡಿಗಳಲ್ಲಿದ್ದ ಜೀವಿಗಳನ್ನೆಲ್ಲ ಕೆರೆದು ತುಂಬ್ಕೊಂಡು ಬಂದ್ರು. ತಂದಿದ್ದರಲ್ಲಿ ಹೆಚ್ಚಿನವು ಸತ್ತವು. ಅಪ್ಪನ ಪುಸ್ತಕಗಳಿಂದಲೇ ಆ ದಡಗಳು ಬರಿದಾದವು ಅಂತ ಗಾಸ್ ಅವರ ಮಗ ಎಡ್ಮಂಡ್ 1907ರ ತನ್ನ ಆತ್ಮಕಥೆಯಲ್ಲಿ ನೊಂದು ಬರೆದಿದ್ದಾರೆ.

ಈ ಹವ್ಯಾಸ ಹುಟ್ಟಿದ ಹತ್ತಿಪ್ಪತ್ತು ವರ್ಷದಲ್ಲೇ ತಾನು ಮೆಚ್ಚಿದ್ದನ್ನ ತಾನೇ ಹಾಳುಮಾಡ್ತು. ಏಳನೇ ಭಾಗದಲ್ಲಿ ಈ ಮಾತು ಮತ್ತೆ ಬರುತ್ತೆ.

ಭಾರತದಲ್ಲಿ ಮದರಾಸಿನ ಮರೀನಾ ದಡದಲ್ಲಿ 1909ರಲ್ಲಿ ಸಾರ್ವಜನಿಕ ಅಕ್ವೇರಿಯಂ ಬಂತು. ಬೊಂಬಾಯಿಯ ತಾರಾಪೊರೆವಾಲಾ ಅಕ್ವೇರಿಯಂ 1951ರಲ್ಲಿ. ಎರಡೂ ಕಡಲ ಪಕ್ಕದಲ್ಲೇ. ಒಳನಾಡಿನವರಿಗೆ ಆ ಸೌಲಭ್ಯ ಇರಲಿಲ್ಲ. ನಮ್ಮಂಥವರಿಗೆ ದಾರಿ ತೆರೆದಿದ್ದು ಉಪ್ಪಿನ ಲೆಕ್ಕ.

4/8 ಉಪ್ಪು ಮತ್ತು ನೀರು

ಕಡಲ ನೀರನ್ನ ಮನೇಲೇ ತಯಾರಿಸೋ ಪಾಕವನ್ನ ಅದೇ ಗಾಸ್ 1854ರಲ್ಲಿ ಪ್ರಕಟಿಸಿದ್ರು. ಅದು ಯಾಕೆ ಕೆಲಸ ಮಾಡುತ್ತೆ ಅಂತ ಗಟ್ಟಿಯಾಗಿ ಗೊತ್ತಾಗಿದ್ದು ಆಮೇಲೆ. 1872ರಿಂದ 1876ರವರೆಗೆ 'ಚಾಲೆಂಜರ್' ಅನ್ನೋ ಹಡಗು ಪ್ರಪಂಚದ ಸಾಗರಗಳನ್ನ ಸುತ್ತಿ ನೀರಿನ ಮಾದರಿ ತಂತು. ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್‌ಮಾರ್ ಅದರಲ್ಲಿ 77 ಮಾದರಿಗಳನ್ನ ಪರೀಕ್ಷೆ ಮಾಡಿ 1884ರಲ್ಲಿ ಫಲಿತಾಂಶ ಕೊಟ್ರು: ಯಾವ ಸಾಗರವಾದ್ರೂ ಉಪ್ಪಿನ ಅಂಶ ಹೆಚ್ಚುಕಮ್ಮಿ ಇರಬಹುದು, ಆದ್ರೆ ಅದರೊಳಗಿನ ಮುಖ್ಯ ಲವಣಗಳ ಪ್ರಮಾಣ ಎಲ್ಲಾ ಕಡೆ ಒಂದೇ. ಅಂದ್ರೆ ಕಡಲಿಗೆ ಒಂದೇ ರೆಸಿಪಿ. ಅದು ಗೊತ್ತಿದ್ರೆ ಮದ್ದೂರಲ್ಲೂ ಕಡಲ ನೀರು ಕಲೆಸಬಹುದು.

ಲೆಕ್ಕ ಇಷ್ಟೇ: ಲೀಟರಿಗೆ ಸುಮಾರು 35 ಗ್ರಾಂ. 100 ಲೀಟರಿಗೆ ಮೂರೂವರೆ ಕೆ.ಜಿ. "ಅಂಗಡಿ ಕಲ್ಲುಪ್ಪು ಸಾಕಲ್ವಾ?" ಸಾಲದು. ಕಡಲ ಲವಣದಲ್ಲಿ ಅಡುಗೆ ಉಪ್ಪಿನ ಸೋಡಿಯಂ, ಕ್ಲೋರೈಡ್ ತೂಕದಲ್ಲಿ ಸುಮಾರು 85 ಪರ್ಸೆಂಟ್ ಮಾತ್ರ. ಉಳಿದದ್ದರಲ್ಲಿ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ಇವೆ. ಉಪ್ಪಿನ ಗದ್ದೆಯಲ್ಲಿ ಉಪ್ಪು ಕಟ್ಟುವಾಗ ಮೆಗ್ನೀಷಿಯಂ ಹೆಚ್ಚಾಗಿ ಉಳಿಕೆ ನೀರಲ್ಲೇ ನಿಂತುಬಿಡುತ್ತೆ. ಹಾಗಾಗಿ ಅಕ್ವೇರಿಯಂಗೆ ಅಂತಲೇ ಮಾಡಿದ ಉಪ್ಪು ಬೇಕು.

ಇನ್ನು ಕಲೆಸೋ ನೀರು. ಬೋರ್ ನೀರು ಗಡಸು, ಬಿಂದಿಗೆ ತಳದಲ್ಲಿ ಬಿಳಿ ಪರೆ ಕಟ್ಟೋದು ಎಲ್ಲರಿಗೂ ಗೊತ್ತು. ಕಬ್ಬು, ಭತ್ತಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಕೂಡ ಅಂತರ್ಜಲಕ್ಕೆ ಇಳಿಯುತ್ತೆ. ಆ ನೀರು ಹಾಕಿದ್ರೆ ಟ್ಯಾಂಕ್ ತುಂಬಾ ಪಾಚಿ. ಆರ್‌ಒ ನೀರೇ ಬೇಕು. ಕ್ಯಾನ್ ನೀರು ತಂದ್ರೂ ಟಿಡಿಎಸ್ ಮೀಟರಲ್ಲಿ ನೋಡಿ, ಸೊನ್ನೆ ಹತ್ತಿರ ಇರಬೇಕು. ಒಂದು ವಿಷಯ ಮರೀಬೇಡಿ: ಆವಿಯಾಗೋದು ನೀರು, ಉಪ್ಪಲ್ಲ. ದಿನಾ ಇಳಿದಷ್ಟು ನೀರನ್ನ ಉಪ್ಪಿಲ್ಲದ ಆರ್‌ಒ ನೀರಲ್ಲೇ ತುಂಬಬೇಕು.

5/8 ಕಲ್ಲು, ನಮ್ಮ ಗದ್ದೆ ಪಾಠ

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಅನ್ನೋ ಹವ್ಯಾಸಿ ಒಂದು ಅಮೆರಿಕನ್ ಪತ್ರಿಕೆಗೆ ಲೇಖನ ಬರೆದ್ರು. ಅವರ ಟ್ಯಾಂಕಲ್ಲಿ ದೊಡ್ಡ ಫಿಲ್ಟರ್ ಇರಲಿಲ್ಲ. ಕಡಲಿಂದ ತಂದ ಜೀವಂತ ಬಂಡೆ, ಗಾಳಿಗುಳ್ಳೆ, ಬೆಳಕು, ಅಷ್ಟೇ. ಹವಳ, ಮೀನು ಎರಡೂ ಬದುಕಿದ್ವು. ಆಮೇಲೆ ಜರ್ಮನಿಯ ಹವ್ಯಾಸಿಗಳು ಇದೇ ದಾರಿ ಹಿಡಿದು, ನೊರೆ ಎತ್ತಿ ಗಲೀಜು ತೆಗೆಯೋ ಸ್ಕಿಮ್ಮರ್ ಜೋಡಿಸಿ 'ಬರ್ಲಿನ್ ವಿಧಾನ' ಅಂತ ಮಾಡಿದ್ರು.

ಕಲ್ಲು ಏನು ಮಾಡುತ್ತೆ? ಮಂಡ್ಯದ ರೈತರಿಗೆ ಇದನ್ನ ಹೇಳಿಕೊಡೋದೇ ಬೇಡ. ಗದ್ದೆಗೆ ಯೂರಿಯಾ ಹಾಕಿದ್ರೆ ಅದು ಮೊದಲು ಅಮೋನಿಯಾ ರೂಪಕ್ಕೆ ಬರುತ್ತೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನ ಒಳಗೆ, ಗಾಳಿ ಹೋಗದ ಕಡೆ, ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನ ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡ್ತವೆ. ಅಮೋನಿಯಾವನ್ನ ನೈಟ್ರೈಟ್, ನೈಟ್ರೇಟ್ ಮಾಡೋ ಸೂಕ್ಷ್ಮಜೀವಿಗಳನ್ನ ಬೇರ್ಪಡಿಸಿ ತೋರಿಸಿದ್ದು ರಷ್ಯಾದ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್ಸ್ಕಿ, 1890ರ ಸುಮಾರಿಗೆ.

ಟ್ಯಾಂಕಲ್ಲಿ ಮೀನಿನ ಗಲೀಜಿಂದ ಅಮೋನಿಯಾ ಬರುತ್ತೆ, ಅದು ವಿಷ. ತೂತು ತೂತಾದ ಕಲ್ಲಿನ ಮೇಲ್ಮೈ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡುತ್ತೆ, ಕಲ್ಲಿನ ಒಳಗಿನ ಗಾಳಿಯಿಲ್ಲದ ಸಂದಿನಲ್ಲಿ ಅದು ಅನಿಲ ಆಗಿ ಹೋಗುತ್ತೆ. ಗದ್ದೆಯ ಕೆಲಸವೇ ಗಾಜಿನೊಳಗೆ. ಆದ್ರೆ ಈ ಬ್ಯಾಕ್ಟೀರಿಯಾ ಬೆಳೆಯೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹೊಸಬರ ಮೀನು ಹೆಚ್ಚಾಗಿ ಸಾಯೋದು ಈ ಆರು ವಾರ ಕಾಯದೇ ಇರೋದಕ್ಕೆ. ನಾಟಿ ಹಾಕಿದ ಮಾರನೇ ದಿನ ಕುಯ್ಲು ಮಾಡೋಕೆ ಹೋದ ಹಾಗೆ.

6/8 ಕರೆಂಟು

ಲಂಡನ್ನಿನ ಕೆಲಸದಾಕೆಯ ತೋಳಿನ ಜಾಗಕ್ಕೆ ಬಂದಿದ್ದು ವಿದ್ಯುತ್. ಇಲ್ಲಿ ನಮ್ಮ ತಾಲ್ಲೂಕಿನ ಹೆಸರು ದೊಡ್ಡದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆಯಾಗಿ, 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಶುರುವಾಯ್ತು. ಕಾವೇರಿ ಧುಮುಕೋ ಜಾಗದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ರು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಬೇಸಿಗೆಯಲ್ಲಿ ಹೊಳೆ ಇಳಿದ್ರೂ ಶಿವನಸಮುದ್ರದ ಯಂತ್ರ ನಿಲ್ಲಬಾರದು ಅನ್ನೋದು 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು.

ಇವತ್ತು ಮನೆಮನೆಗೂ ಕರೆಂಟಿದೆ. ಆದ್ರೆ ಗುಡುಗು ಮಳೆ ಬಂದ್ರೆ ಹೋಗೋದೂ ಇದೆ. ಪಂಪು ನಿಂತ್ರೆ ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ಇಳಿಯುತ್ತೆ, ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಹಾಗಾಗಿ ದುಬಾರಿ ಲೈಟಿಗಿಂತ ಮೊದಲು ಬ್ಯಾಟರಿ ಏರ್ ಪಂಪ್ ತಗೊಳ್ಳಿ, ಇಲ್ಲಾಂದ್ರೆ ಒಂದು ಪಂಪನ್ನ ಯುಪಿಎಸ್‌ಗೆ ಕೊಡಿ. ಅದೂ ಇಲ್ಲದ ರಾತ್ರಿ ಮಗ್ಗು ಹಿಡಿದು ಎತ್ತಿ ಹುಯ್ಯೋದೇ. 1846ರ ಉಪಾಯ ಇವತ್ತಿಗೂ ಕೆಲಸ ಮಾಡುತ್ತೆ.

ನೀರಿನ ಶಾಖ 24ರಿಂದ 27 ಡಿಗ್ರಿ ಒಳಗಿರಲಿ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ರೆ ಎರಡು ಮೂರು ಡಿಗ್ರಿ ಇಳಿಯುತ್ತೆ, ಆವಿಯೂ ಜಾಸ್ತಿ ಹೋಗುತ್ತೆ, ಆರ್‌ಒ ನೀರು ರೆಡಿ ಇಟ್ಕೊಳ್ಳಿ.

7/8 ಹವಳದ ವಿಷಯ: ಇದನ್ನ ಪೂರ್ತಿ ಓದಿ

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಕಟ್ಟಿಕೊಂಡ ಸುಣ್ಣದ ಮನೆ. ನಮ್ಮ ದೇಶದಲ್ಲಿ ಮುಖ್ಯವಾಗಿ ಕಛ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳಲ್ಲಿವೆ. ನಮ್ಮ ರಾಜ್ಯದಲ್ಲಿ ನೋಡಬೇಕಂದ್ರೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಮನ್ನಾರ್ ಕೊಲ್ಲಿಯಲ್ಲಿ ವರ್ಷಾನುಗಟ್ಟಲೆ ಹವಳವನ್ನ ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ಕಿತ್ತು ಸಾಗಿಸಿದ್ರು.

2001ರಲ್ಲಿ ಸರ್ಕಾರ ಎಲ್ಲಾ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸ್ತು. ಹುಲಿ ಇರೋ ಪಟ್ಟಿ ಅದು. ಕಡಲಕುದುರೆಯೂ ಅದರಲ್ಲಿದೆ. ಈ ಪಟ್ಟಿಯ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು. ಯಾರಾದ್ರೂ "ಒಂದು ತುಂಡು ಹವಳ, ಕೊರಿಯರ್ ಮಾಡ್ತೀನಿ" ಅಂದ್ರೆ ಹುಲಿ ಉಗುರು ಮಾರೋಕೆ ಬಂದವನಿಗೆ ಏನು ಹೇಳ್ತೀರೋ ಅದನ್ನೇ ಹೇಳಿ. ಕಡಲಿಂದ ಕಿತ್ತ 'ಲೈವ್ ರಾಕ್' ಕೂಡ ಹೆಚ್ಚಿನಂಶ ಹಳೇ ಹವಳವೇ. ಅದರ ಬದಲು ತಯಾರಿಸಿದ ಕಲ್ಲು ತಗೊಂಡು ಬ್ಯಾಕ್ಟೀರಿಯಾ ಬೆಳೆಸಿ. ತಡ ಆಗುತ್ತೆ, ಆದ್ರೆ ಕೆಲಸ ಮಾಡುತ್ತೆ.

ಕಡಲಲ್ಲಿರೋ ಹವಳದ್ದೂ ಕಷ್ಟವೇ. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತ್ರೆ ಸಾಕು, ತನ್ನೊಳಗೆ ಊಟ ಕೊಡೋ ಪಾಚಿಯನ್ನ ಹೊರಗೆ ತಳ್ಳಿ ಬೆಳ್ಳಗಾಗುತ್ತೆ. 1998ರಲ್ಲಿ ಪ್ರಪಂಚದಾದ್ಯಂತ ಹಾಗಾಯ್ತು, ಲಕ್ಷದ್ವೀಪದಲ್ಲೂ ಆಯ್ತು. ಅಂಥ ನಾಲ್ಕನೇ ಜಾಗತಿಕ ಘಟನೆ ನಡೀತಿದೆ ಅಂತ 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದ್ರು. ಗಾಸ್ ಕಾಲದಲ್ಲಿ ದಡಗಳು ತುಂಬಿದ್ದವು, ಆದ್ರೂ ಬರಿದಾದವು. ಈಗ ಇರೋದೇ ಕಮ್ಮಿ.

8/8 ಹಾಗಾದ್ರೆ ಶುರು ಹೇಗೆ?

ಮೊದಲ ವರ್ಷ ಹವಳ ಇಲ್ಲದ ಟ್ಯಾಂಕ್ ಇಡಿ. ತಯಾರಿಸಿದ ಕಲ್ಲು, ಚೆನ್ನಾಗಿ ಆಡೋ ನೀರು, ಎರಡು ಮೀನು.

100 ಲೀಟರಿಗಿಂತ ಚಿಕ್ಕದು ಬೇಡ. ಚಿಕ್ಕ ಟ್ಯಾಂಕಲ್ಲಿ ಉಪ್ಪು, ಶಾಖ ಬೇಗ ಏರಿಳಿಯುತ್ತೆ. ಗಾಜು, ಕಲ್ಲು, ನೀರು ಸೇರಿ 150 ಕೆ.ಜಿ. ಆಗಬಹುದು, ಸ್ಟ್ಯಾಂಡ್ ಗಟ್ಟಿ ಇರಲಿ. ಕಲ್ಲು ಹಾಕಿ ಆರು ವಾರ ಕಾಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು.

ಮೀನು ತಗೊಳ್ಳುವಾಗ "ಹ್ಯಾಚರಿ ಮರೀನಾ, ಕಡಲಲ್ಲಿ ಹಿಡಿದಿದ್ದಾ?" ಅಂತ ಕೇಳಿ. ಕ್ಲೌನ್ ಮೀನನ್ನ ತೊಟ್ಟಿಯಲ್ಲೇ ಮರಿ ಮಾಡಿಸೋದನ್ನ ಅಮೆರಿಕದಲ್ಲಿ ಮಾರ್ಟಿನ್ ಮೋ 1970ರ ದಶಕದಲ್ಲೇ ವ್ಯಾಪಾರದ ಮಟ್ಟಕ್ಕೆ ತಂದ್ರು. ನಮ್ಮಲ್ಲಿ 1947ರಲ್ಲಿ ಶುರುವಾದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಇದರ ತಂತ್ರ ರೂಪಿಸಿದೆ. ಹ್ಯಾಚರಿ ಮರಿ ಗಾಜಿನ ಬದುಕಿಗೆ, ಕಾಳು ಆಹಾರಕ್ಕೆ ಮೊದಲೇ ಒಗ್ಗಿರುತ್ತೆ.

ಬದಲಾಯಿಸಿದ ಉಪ್ಪುನೀರನ್ನ ಹಿತ್ತಲ ಗಿಡಕ್ಕೋ ಗದ್ದೆಗೋ ಚೆಲ್ಲಬೇಡಿ. ನೀರು ಬಸಿಯದ ಕಡೆ ಮಣ್ಣು ಚೌಳಾಗಿ ಬೆಳೆ ಹೋಗೋದನ್ನ ನಾಲೆ ಬಯಲಿನವರು ಕಣ್ಣಾರೆ ಕಂಡಿದ್ದೀವಿ. ಬಚ್ಚಲ ಮೋರಿಗೆ ಬಿಡಿ.

ಒಂದು ವರ್ಷ ಆ ಎರಡು ಮೀನು ಆರೋಗ್ಯವಾಗಿದ್ರೆ ನೀವು ಕಷ್ಟದ ಕೆಲಸವನ್ನೇ ಕಲಿತಿದ್ದೀರಿ ಅಂತ ಅರ್ಥ. ನೀರನ್ನ ದಿನಾ ಕಡಲಿನ ಹಾಗೆ ಉಳಿಸ್ಕೊಳ್ಳೋದೇ ಈ ಹವ್ಯಾಸ. ಕಡಲಿಂದ ಕಿತ್ತು ತರೋದರಲ್ಲಿ ಕಲಿಯೋದೇನೂ ಇಲ್ಲ. ಹವಳ ನೋಡಬೇಕು ಅನ್ನಿಸಿದ್ರೆ ದುಡ್ಡು ಕೂಡಿಟ್ಟು ಒಮ್ಮೆ ನೇತ್ರಾಣಿಗೆ ಹೋಗಿ ಬನ್ನಿ. ಮುಟ್ಟಬೇಡಿ, ನೋಡಿ ಬನ್ನಿ.

ಟ್ಯಾಂಕ್ ಶುರು ಮಾಡ್ಬೇಕು ಅಂತಿರೋ ಗೆಳೆಯರಿಗೆ ಈ ಎಂಟೂ ಭಾಗ ಕಳಿಸಿ. ಪ್ರಶ್ನೆ ಇದ್ರೆ ಕೆಳಗೆ ಕೇಳಿ, ಗೊತ್ತಿದ್ದಷ್ಟು ಹೇಳ್ತೀನಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಶಿವನಸಮುದ್ರ #ಅಕ್ವೇರಿಯಂ #ಹವಳ #ನೇತ್ರಾಣಿ #ಇತಿಹಾಸ #ಕನ್ನಡ